ಸಲಾಯಿನ್ ಬಾಟಲಿ

ಗೋವಾದಿಂದ ಲಾರಿಯ ಮೇಲೆ ಮಲಗಿ ಬಂತು ಆ ಬಿಳಿ ಬೋಟು.
ಹೊಟ್ಟೆಯ ಮೇಲೆ ಸಾಗರ ಅಂತಿತ್ತು,
ಮುಂದಿನ ಅಕ್ಷರ ಯಾರೋ ಕೆರೆದಿದ್ದರು.
ಬಾಗಲಕೋಟೆಯ ಹಿನ್ನೀರಿಗೆ ಇಳಿಸುವಾಗ
ಕಾಯಿ ಒಡೆದ ಗೊಂಗಡಶೆಟ್ಟರು
ಮೂರನೇ ವಾರ ಡೀಸೆಲ್ ಬಿಲ್ಲು ನೋಡಿ
ಕಳವು ಅಂದರು.

ಬುಡ್ಡೇಸಾಬ ಏನೂ ಅನ್ನಲಿಲ್ಲ.
ಹೊಲದ ಇಂಜಿನ್ನುಗಳ ಎದೆ ಬಿಚ್ಚಿ ಹೊಲಿದ ಕೈ
ಟಾವೆಲಿಗೆ ಒರೆಸಿಕೊಂಡು ದವಾಖಾನೆಗೆ ಹೋದ,
ಕಂಪೌಂಡರನ ಹತ್ತಿರ ಬೇಡಿ ತಂದ
ಖಾಲಿ ಸಲಾಯಿನ್ ಬಾಟಲಿ.
ಮೈತುಂಬ ಗೆರೆ, ಐದುನೂರು ಮಿಲಿಯ ತನಕ.
‘ಟಾಕಿ ಸುಳ್ಳ ಹೇಳತೈತಿ. ಇದು ಹೇಳೂದಿಲ್ಲ.’
ಮೊಳೆಗೆ ನೇತುಹಾಕಿ, ನಳಿಗೆ ಇಂಜಿನ್ನಿಗೆ ಚುಚ್ಚಿ,
ರೋಗಿಯ ನಾಡಿ ನೋಡುವವನ ಹಾಗೆ ಕೂತ.

ಡೀಸೆಲ್ ಅಳೆದದ್ದಾಯಿತು. ದೂರ?
ಎದುರಿಗೆ ನೀರಿನಿಂದ ತಲೆ ಎತ್ತಿದ ಹಳೇ ಟಾಕಿ,
ಅದರಾಚೆ ಒಣಗಿದ ಬೇವಿನ ತುದಿ.
ನಡುವೆ, ಕೆಳಗೆ, ಒಂದು ಇಡೀ ಓಣಿ.

ದಂಡೆಯಲ್ಲಿ ಮೀನು ಕರಿಯುತ್ತಿದ್ದ ನನ್ನ ದೊಡ್ಡವ್ವ ಫಕೀರವ್ವ
ಜಾಲರಿ ಎತ್ತದೇ ಹೇಳಿದಳು:
‘ಸಾವಿರದ ನೂರು ಹೆಜ್ಜಿ.
ದಿನಾ ಎಣಿಸೀನಿ. ಎಣಿಸದಿದ್ರ ಕುತಗಿ ನೋವು ಹೆಚ್ಚಾಗತಿತ್ತು.’
ಬುಡ್ಡೇಸಾಬ ಟೇಪು ತಂದ.
ಬರಿಗೈಲಿ ನಡೆದಳು, ತಾನೇ ತಲೆ ಅಲ್ಲಾಡಿಸಿದಳು.
‘ತುಂಬಿದ ಕೊಡ ಇರಲಾರದ ಆ ಹೆಜ್ಜಿ ಬರೂದಿಲ್ಲೋ.’
ಕೊಡ ತುಂಬಿಸಿ ತಲೆಗಿಟ್ಟೆ ನಾನು.
ಅರವತ್ತರ ಬೆನ್ನು ತಟ್ಟನೆ ನೆಟ್ಟಗಾಯಿತು.
ಒಂದು ಮುಕ್ಕಾಲು ಫೂಟು,
ಮತ್ತೆ ಒಂದು ಮುಕ್ಕಾಲು,
ಒಂದು ಹನಿ ತುಳುಕಲಿಲ್ಲ.

ಗಾಳಿ ಏಳುವ ಮೊದಲು, ಮುಂಜಾನೆ,
ಬೇವಿಗೆ ಹೋಗುವುದು, ಟಾಕಿಗೆ ಬರುವುದು,
ಎರಡೂ ಕೂಡಿಸಿ ಅರ್ಧ ಮಾಡುವುದು.
ನಾನು ಗಡಿಯಾರ, ಅವನು ಮುಳ್ಳು.

ಏಳುನೂರಕ್ಕೆ ಬೋಟು ಉಂಡು ಮಲಗಿದ ಎಮ್ಮೆ.
ಒಂಬತ್ತು ನಿಮಿಷ, ಇನ್ನೂರಾ ಮೂವತ್ತೈದು ಮಿಲಿ.
ಸಾವಿರದೆಂಟುನೂರಕ್ಕೆ ಹಿಂಭಾಗ ಕುಸಿದು
ತಾನೇ ಎಬ್ಬಿಸಿದ ತೆರೆಯ ಗುಡ್ಡ
ತಾನೇ ಹತ್ತತೊಡಗಿತು, ಮುನ್ನೂರಾ ಹದಿನಾರು.
ಪೂರ್ತಿ ಎಳೆದಾಗ ಬಾಟಲಿ ಗಟಗಟ ಬರಿದಾಗಿ
ಬೇವು ಮುಟ್ಟುವ ಮೊದಲೇ ಇಂಜಿನ್ನು ಕೆಮ್ಮಿ
ನೀರ ನಡುವೆ ನಿಂತೆವು,
ಯಾರದೋ ಪಡಸಾಲೆಯ ಮೇಲೆ.

ಸಾವಿರದ ಮುನ್ನೂರೈವತ್ತಕ್ಕೆ ಮಾತ್ರ
ಪೆಟ್ಟಿಗೆಯ ಮೇಲಿನ ಚಹಾ ನಡುಗುವುದು ಬಿಟ್ಟಿತು.
ಹಿಂದಿನ ನೀರು ಇಸ್ತ್ರಿ ಮಾಡಿದ ಸೆರಗು.
ಮೂರೂವರೆ ನಿಮಿಷ. ನೂರಾ ಎಪ್ಪತ್ತು.
‘ಇದ ನೋಡ,’ ಅಂದ ಬುಡ್ಡೇಸಾಬ,
‘ನಿಮ್ಮ ದೊಡ್ಡವ್ವನ ನಡಿಗಿ.’

ಗೊಂಗಡಶೆಟ್ಟರು ವಹಿ ಓದಿದರು,
ಕಳವು ಅಂದದ್ದನ್ನು ನುಂಗಿಕೊಂಡರು, ಕ್ಷಮೆ ಕೇಳಲಿಲ್ಲ.
‘ಮಂದಿ ರೊಕ್ಕಾ ಕೊಡೂದು ನೀರು ಹಾರಸಾಕ.
ಐತವಾರ ಪೂರ್ತಿ ಎಳಿ. ಉಳದ ದಿನಾ ನಿನ್ನ ಲೆಕ್ಕ.’
ಐತವಾರ ಹಾರಿತು ನೀರು.
ಚೀರಿದವು ಹುಡುಗರು, ಫೋಟೋ ತೆಗೆಸಿಕೊಂಡರು,
ಕರಗಿತು ಡೀಸೆಲ್ಲು.

ಸೋಮವಾರ ಖಾಲಿ ಬೋಟು.
ಎಂದೂ ಹತ್ತದ ದೊಡ್ಡವ್ವ ಅಂದು ಹತ್ತಿದಳು,
ಎಣ್ಣೆಯ ಕೈ ಸೀರೆಗೆ ಒರೆಸಿಕೊಂಡು ಅಂಚಿಗೆ ಕೂತಳು.
ಟಾಕಿ ದಾಟಿತು. ಅವಳ ತುಟಿ ಅಲ್ಲಾಡುತ್ತಿತ್ತು,
ಇಪ್ಪತ್ತೋ ಮೂವತ್ತೋ, ಅಷ್ಟರಲ್ಲಿ
ನೂರು ಹೆಜ್ಜೆ ಹಿಂದೆ ಬಿದ್ದಿತ್ತು.
‘ಬ್ಯಾಡೋ, ಇಷ್ಟ ಲಗೂನ ಬ್ಯಾಡ.
ಗೌರವ್ವನ ಕಟ್ಟಿ ಹೋತು, ಗಿರಣಿ ಹೋತು...’

ಬುಡ್ಡೇಸಾಬ ನನ್ನ ಮುಖ ನೋಡಲಿಲ್ಲ.
ಮುಳ್ಳು ಏಳುನೂರಕ್ಕೆ ಇಳಿಯಿತು.
ಬೇವು ಬರುವ ತನಕ ಯಾರೂ ಮಾತಾಡಲಿಲ್ಲ,
ಅವಳು ಎಣಿಸುತ್ತಿದ್ದಳು.

ಸಂಜೆ ವಹಿಯಲ್ಲಿ ಒಂದು ಸಾಲು ಹೆಚ್ಚಿಗೆ:
ಅರವತ್ತೈದು ಮಿಲಿ.
ಇದೇನು ಅಂತ ಕೇಳಿದರು ಶೆಟ್ಟರು.
‘ಸೋರಿಕಿ ಐತ್ರಿ,’ ಅಂದ ಅವನು,
‘ಸಣ್ಣದು. ರಿಪೇರಿ ಆಗೂದಿಲ್ಲ.’